ಕದ್ರಾ ಗೇಟಿಗಿಂತ ಮೊದಲು ಮನೆ ಮೇಲಿನ ಕೆರೆ ಏರಿ ನೋಡಿ

ಪ್ರಶ್ನೆ: ನಮ್ಮದು ಕಾರವಾರ ತಾಲೂಕಿನಲ್ಲಿ ಕಾಳಿ ದಂಡೆಯ ಹಳ್ಳಿ. ಕದ್ರಾ ಅಣೆಕಟ್ಟೆ ನಮಗಿಂತ ಮೇಲಿದೆ. 2019ರ ಆಗಸ್ಟ್‌ನಲ್ಲಿ ಗೇಟ್ ತೆಗೆದಾಗ ಮನೆಯೊಳಗೆ ಸೊಂಟದವರೆಗೆ ನೀರು ಬಂದಿತ್ತು. 2024ರಲ್ಲಿ ಶಿರೂರಿನ ಗುಡ್ಡ ಜಾರಿತು, ಕೋಡಿಬಾಗದಲ್ಲಿ ಕಾಳಿ ಮೇಲಿನ ಹಳೆ ಸೇತುವೆ ಬಿತ್ತು. ಅಂದಿನಿಂದ ಮಳೆ ಜೋರಾದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮನೆಯ ಹಿಂದಿನ ಗುಡ್ಡದ ಸಂದಿಯಲ್ಲಿ ಒಂದು ಹಳೆ ಕೆರೆಯೂ ಇದೆ. ಅದರ ಏರಿಯ ಬುಡ ಬೇಸಿಗೆಯಲ್ಲೂ ಒದ್ದೆ. ಅದು ಮಾಮೂಲು ಎನ್ನುತ್ತಾರೆ. ಅಣೆಕಟ್ಟೆ ಒಡೆಯುವುದು ತಪ್ಪು ಜಾಗದಲ್ಲಿ ಕಟ್ಟಿದ್ದರಿಂದಲೋ, ಕಟ್ಟಿದ ಮೇಲೆ ನೋಡಿಕೊಳ್ಳದ್ದರಿಂದಲೋ? ನಮ್ಮಂಥವರು ಏನು ಗಮನಿಸಬೇಕು? ಅತ್ತೆಗೆ 76 ವರ್ಷ. ರಾತ್ರಿ ಸೈರನ್ ಆದರೆ ಎಲ್ಲಿಗೆ ಹೋಗಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕದ್ರಾ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಆ ಕೆರೆ.

ನಾಳೆ ಬೆಳಿಗ್ಗೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಿ. ಕೈಯಲ್ಲಿ ಒಂದು ಗಾಜಿನ ಲೋಟ ಇರಲಿ. ಏರಿಯ ಬುಡದಲ್ಲಿ ಒಸರುವ ನೀರನ್ನು ಅದರಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ತಳ ನೋಡಿ. ನೀರು ತಿಳಿಯಾಗಿದ್ದು ತಳದಲ್ಲಿ ಏನೂ ಕೂರದಿದ್ದರೆ ಇವತ್ತಿಗೆ ಗಾಬರಿ ಬೇಡ. ನೀರು ಕದಡಿದ್ದರೆ, ತಳದಲ್ಲಿ ಮಣ್ಣು ಕೂತರೆ, ಕೆರೆಯ ಕೆಳಗಿನ ಮನೆಗಳಿಗೆ ಅದೇ ದಿನ ಹೇಳಿ. ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಫೋನ್ ಮಾಡಿ. ಸೋಮವಾರ ಹೇಳೋಣ ಎಂದು ಕಾಯಬೇಡಿ.

ಮಣ್ಣಿನ ಏರಿ ಎಂದೂ ನೀರನ್ನು ಪೂರ್ತಿ ತಡೆಯುವುದಿಲ್ಲ. ಎಲ್ಲ ಏರಿಯೂ ಸ್ವಲ್ಪ ಒಸರುತ್ತದೆ. ಅದು ತಪ್ಪಲ್ಲ. ಆದರೆ ಒಸರುವ ನೀರು ಮಣ್ಣಿನ ಕಣ ಹೊತ್ತು ತರಲು ಶುರುಮಾಡಿದರೆ ಏರಿಯ ಹೊಟ್ಟೆ ಒಳಗಿಂದ ಖಾಲಿಯಾಗುತ್ತಿದೆ ಎಂದು ಅರ್ಥ. ಮೊದಲು ಹೊರಬದಿಯ ಬುಡದಲ್ಲಿ ನಾಲ್ಕು ಕಣ ಹೋಗುತ್ತವೆ. ಆ ಜಾಗದಲ್ಲಿ ಒಂದು ಸಣ್ಣ ಕೊಳವೆಯಾಗುತ್ತದೆ. ಕೊಳವೆ ಹಿಂದೆ ಹಿಂದೆ ಕೆರೆಯ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಅದು ಉದ್ದವಾದಷ್ಟೂ ನೀರಿನ ಸೆಳೆತ ಜಾಸ್ತಿ, ಸೆಳೆತ ಜಾಸ್ತಿಯಾದಷ್ಟೂ ಕೊಚ್ಚಿ ಬರುವ ಮಣ್ಣು ಜಾಸ್ತಿ. ವರ್ಷಗಟ್ಟಲೆ ನಿಧಾನವಾಗಿ ನಡೆದದ್ದು ಕೊನೆಗೆ ಕೆಲವು ಗಂಟೆಗಳಲ್ಲಿ ಮುಗಿದುಬಿಡುತ್ತದೆ. ಅಮೆರಿಕದ ಟೀಟನ್ ಅಣೆಕಟ್ಟೆ ಹೊಸದು, ಮೊದಲ ಸಲ ತುಂಬುತ್ತಿತ್ತು. 1976ರ ಜೂನ್ 5ರ ಬೆಳಿಗ್ಗೆ ಬದಿಯಲ್ಲಿ ಕೆಸರು ನೀರು ಕಂಡಿತು. ರಂಧ್ರ ಮುಚ್ಚಲು ಕಳಿಸಿದ ಬುಲ್ಡೋಜರ್‌ಗಳನ್ನೇ ಅದು ನುಂಗಿತು. ಮಧ್ಯಾಹ್ನ 12ರ ಒಳಗೆ ಅಣೆಕಟ್ಟೆ ಒಡೆದಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಸಿ ಕಡೆಯ ಒಂದು ಕೆರೆ ನೋಡಲು ಹೋಗಿದ್ದೆ. ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಹುಲ್ಲು ಚೆನ್ನಾಗಿತ್ತು, ಬಿರುಕು ಇರಲಿಲ್ಲ. ಸರಿ ಇದೆ ಎಂದು ಬರೆದುಕೊಂಡೆ. ಕೆಳಗಿನ ಅಡಿಕೆ ತೋಟದ ಯಜಮಾನರು ಕೂಗಿ ಕರೆದರು. "ತಮಾ, ಈ ವರ್ಷ ಕಾದಿಗೇಲಿ ಕೆಮ್ಮಣ್ಣು ನೀರು ಬತ್ತಾ ಇದ್ದು. ಮುಂಚೆ ಹಿಂಗೆ ಇತ್ತಿಲ್ಲೆ." ತೋಟದ ಕಾಲುವೆಯಲ್ಲಿ ಕೆಮ್ಮಣ್ಣು ನೀರು ಬರುತ್ತಿದೆ, ಮೊದಲು ಹೀಗಿರಲಿಲ್ಲ ಎಂದು ಅವರ ಮಾತು. ಇಳಿದು ನೋಡಿದೆ. ಏರಿಯ ಬುಡದಿಂದ ಹತ್ತಡಿ ದೂರದಲ್ಲಿ ನೀರು ಸಣ್ಣಗೆ ಕುದಿಯುವ ಹಾಗೆ ಮೇಲೇಳುತ್ತಿತ್ತು. ಸುತ್ತ ನುಣ್ಣನೆ ಮಣ್ಣಿನ ಬಳೆ. ಕಚೇರಿಗೆ ವರದಿ ಕೊಟ್ಟೆ. ಮುಂದಿನ ವರ್ಷದ ಅಂದಾಜಿಗೆ ಸೇರಿಸೋಣ ಎಂಬ ಉತ್ತರ ಬಂತು. ಮಳೆಗಾಲಕ್ಕೆ ಮೂರು ವಾರ ಇತ್ತು.

ಊರಿನವರು ಅಷ್ಟರಲ್ಲಿ ಆ ಬಾಯಿಗೆ ಜೇಡಿಮಣ್ಣು ತುಂಬಿ ತುಳಿಯಲು ಸಿದ್ಧರಾಗಿದ್ದರು. ಯಾರಿಗಾದರೂ ಮೊದಲು ತೋಚುವುದು ಅದೇ. ಆದರೆ ಅದು ತಪ್ಪು. ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಏರಿ ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ, ಅದು ನಮ್ಮ ಕಣ್ಣಿಗೆ ಬೀಳದ ಕಡೆಯೂ ಆಗಬಹುದು. ಮಾಡಬೇಕಾದದ್ದು ಬೇರೆ. ನೀರು ಹೋಗಲಿ, ಮಣ್ಣು ನಿಲ್ಲಲಿ. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ, ಕೊನೆಗೆ ಕಲ್ಲಿನ ಭಾರ. ಕಷಾಯ ಸೋಸುವ ಬಟ್ಟೆಯ ಕೆಲಸವನ್ನು ಆ ಮರಳು ಮಾಡುತ್ತದೆ. ಊರಿನವರೇ ಎತ್ತಿನ ಗಾಡಿಯಲ್ಲಿ ಮರಳು ತಂದರು. ಎರಡು ದಿನ ಹಿಡಿಯಿತು. ಜೊತೆಗೆ ತೂಬು ತೆಗೆದು ಕೆರೆಯ ನೀರನ್ನು ಅರ್ಧಕ್ಕೆ ಇಳಿಸಿದೆವು. ಆ ಮಳೆಗಾಲ ದಾಟಿತು. ಮರುವರ್ಷ ಏರಿ ಬಗೆದಾಗ ಒಳಗೆ ತೋಳಿನಷ್ಟು ದಪ್ಪದ ಮಾಟೆ, ಅಂದರೆ ಪೊಳ್ಳು ಬಿಲ, ಸಿಕ್ಕಿತು. ಸತ್ತುಹೋದ ಯಾವುದೋ ಮರದ ಬೇರು ಕೊಳೆತು ಆದ ದಾರಿ.

ನಾನು ಅವತ್ತು ಏರಿಯ ತಲೆ ನೋಡಿದ್ದೆ. ಯಜಮಾನರು ದಿನಾ ಬುಡ ನೋಡುತ್ತಿದ್ದರು. ನೀವೂ ಬುಡ ನೋಡಿ. ಏರಿ ಮೇಲೆ ದೊಡ್ಡ ಮರ ಬೆಳೆಯಲು ಬಿಡಬೇಡಿ. ಈಗಾಗಲೇ ದೊಡ್ಡದಾಗಿದ್ದರೆ ಸುಮ್ನೆ ಕಡಿದು ಬೇರನ್ನು ಒಳಗೇ ಕೊಳೆಯಲು ಬಿಡುವುದೂ ಅಪಾಯ. ಬೇರು ತೆಗೆದು ಮಣ್ಣು ತುಂಬಿ ದಮ್ಮಸು ಮಾಡಬೇಕು, ಅದೂ ನೀರು ಕಡಿಮೆ ಇರುವ ಏಪ್ರಿಲ್–ಮೇ ತಿಂಗಳಲ್ಲಿ.

ಇನ್ನೊಂದು ಜಾಗ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗುವ ದಾರಿ ಅದೊಂದೇ. ನಮ್ಮ ಕಡೆ ಎಷ್ಟೋ ಕೆರೆಗಳಲ್ಲಿ ಬೇಸಿಗೆಗೆ ನೀರು ಉಳಿಯಲಿ ಎಂದು ಕೋಡಿಗೆ ಮರಳು ಚೀಲ, ಕಲ್ಲು, ಹಲಗೆ ಇಡುತ್ತಾರೆ. ಮೀನಿಗೆ ಬಲೆ ಕಟ್ಟುತ್ತಾರೆ. ಬಲೆಗೆ ಎಲೆ, ಕಡ್ಡಿ ಸಿಕ್ಕಿ ಅದೇ ಗೋಡೆಯಾಗುತ್ತದೆ. ಒಂದು ದೊಡ್ಡ ಮಳೆಯ ರಾತ್ರಿ ನೀರು ಏರಿಯ ತಲೆ ಮೇಲಿಂದ ಹರಿದರೆ ಮಣ್ಣಿನ ಏರಿ ಬೆಳಗಿನವರೆಗೆ ಇರುವುದಿಲ್ಲ. ಕೋಡಿಯನ್ನು ಅರ್ಧ ಅಡಿ ಎತ್ತರಿಸಿ ಉಳಿಸಿಕೊಂಡ ನೀರು ಯಾರ ಮನೆಗೂ ಬೇಡ. ಈ ಮಾತನ್ನು ಜಗಳವಿಲ್ಲದೆ, ಆದರೆ ಬಿಡದೆ, ಊರಿನಲ್ಲಿ ಹೇಳಿ.

ದೊಡ್ಡ ಅಣೆಕಟ್ಟೆಯ ಬಗ್ಗೆ ಕೇಳಿದರೆ ಇವರು ಕೆರೆಯ ಬಗ್ಗೆಯೇ ಇಷ್ಟು ಹೇಳುತ್ತಾರಲ್ಲ ಎನಿಸಬಹುದು. ಕಾರಣ ಇದೆ. ನಮ್ಮಿಂದ ಬಹಳ ದೂರವೇನಲ್ಲದ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲೂಕಿನಲ್ಲಿ ತಿವರೆ ಎಂಬ ಊರಿದೆ. ಅಲ್ಲಿನದು ದೊಡ್ಡ ಹೆಸರಿಲ್ಲದ ಮಣ್ಣಿನ ಅಣೆಕಟ್ಟೆ, ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದು ಕೆಳಗಿನ ಕೇರಿಯ ಮನೆಗಳನ್ನು ಎಳೆದುಕೊಂಡು ಹೋಯಿತು. ಇಪ್ಪತ್ತರಷ್ಟು ಜನ ಸತ್ತರು. ಏಡಿಗಳು ಬಿಲ ತೋಡಿದ್ದೇ ಕಾರಣ ಎಂದು ಅಲ್ಲಿನ ಸಚಿವರೊಬ್ಬರು ಹೇಳಿದರು. ಏಡಿ ಬಿಲ ತೋಡುತ್ತದೆ, ನಿಜ. ಕುಮಟಾ ಕಡೆಯ ಗಜನಿ, ಅಂದರೆ ಉಪ್ಪುನೀರಿನ ಅಂಚಿನ ಗದ್ದೆಯ, ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಘನಾಶಿನಿಯ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಅವರು ಒಡ್ಡು ಕಾಯುತ್ತಾ ಬಂದಿದ್ದಾರೆ. ಒಡ್ಡಿನ ಮೇಲೆ ನಡೆಯುವುದು, ಬಿಲ ಹುಡುಕುವುದು, ಹಸಿ ಮಣ್ಣು ತುಂಬುವುದು, ಉಬ್ಬರ–ಇಳಿತ ನೋಡಿ ಜಂತ್ರಡಿಯ (ಒಡ್ಡಿನಲ್ಲಿ ನೀರು ಬಿಡುವ ಕಿಂಡಿಯ) ಹಲಗೆ ಎತ್ತಿ ಇಳಿಸುವುದು, ಇದೆಲ್ಲ ಅಲ್ಲಿ ಬೇಸಾಯದ್ದೇ ಭಾಗ. ಒಡ್ಡು ಕಾಯಲು ಜನ ಇಲ್ಲದಾದಾಗ ಅದೇ ಏಡಿ ಗದ್ದೆ ಕಳೆಯುತ್ತದೆ. ತಪ್ಪು ಏಡಿಯದ್ದಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜಾಗವೋ, ನಿರ್ವಹಣೆಯೋ?

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ತಪ್ಪು ಜಾಗದ ಅಣೆಕಟ್ಟೆಯನ್ನು ಎಷ್ಟು ನೋಡಿಕೊಂಡರೂ ಪೂರ್ತಿ ಸರಿಮಾಡಲು ಆಗುವುದಿಲ್ಲ. ಆದರೆ ಸರಿಯಾದ ಜಾಗದ ಅಣೆಕಟ್ಟೆಯನ್ನು ನೋಡಿಕೊಳ್ಳದೆ ಕೆಡಿಸುವುದು ಸುಲಭ. ಎರಡರಲ್ಲೂ ಮೊದಲು ಸೂಚನೆ ಸಿಗುತ್ತದೆ. ಅದನ್ನು ಓದುವ ಜನ ಆ ಜಾಗದಲ್ಲಿ ಇದ್ದಾರಾ, ಅವರ ಮಾತಿಗೆ ಬೆಲೆ ಇದೆಯಾ, ಇದರ ಮೇಲೆ ಎಲ್ಲ ನಿಂತಿದೆ.

ಜಾಗ ಅಂದಾಗ ಜನ ಗೋಡೆ ನೋಡುತ್ತಾರೆ. ಗೋಡೆ ಕೂತ ಬಂಡೆ, ಅದು ಒರಗಿದ ಎರಡು ಬದಿಯ ಗುಡ್ಡ, ಹಿಂದೆ ನೀರು ನಿಲ್ಲುವ ಕಣಿವೆ, ಇವೂ ಅಣೆಕಟ್ಟೆಯೇ. ಫ್ರಾನ್ಸಿನ ಮಾಲ್ಪಾಸೆ ತೆಳುವಾದ ಕಮಾನಿನ ಅಣೆಕಟ್ಟೆ. ಕಾಂಕ್ರೀಟಿನಲ್ಲಿ ದೋಷ ಇರಲಿಲ್ಲ. ಎಡಬದಿಯ ಬಂಡೆಯೊಳಗೆ ಬಿರುಕಿನ ಪದರ ಇತ್ತು. ಅದರೊಳಗೆ ನೀರಿನ ಒತ್ತಡ ಸೇರಿ ಬಂಡೆಯ ತುಂಡು ಜರುಗಿತು. 1959ರ ಡಿಸೆಂಬರ್ 2ರ ರಾತ್ರಿ 423 ಜನ ಹೋದರು. ಅಮೆರಿಕದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟೆಯ ಒಂದು ಬದಿ ಹಳೇ ಕಾಲದಲ್ಲಿ ಜಾರಿ ಬಂದು ನಿಂತ ಗುಡ್ಡದ ಮೇಲೆ ಕೂತಿತ್ತು. 1928ರ ಮಾರ್ಚ್ 12ರಂದು ಕಾವಲುಗಾರ ಕೆಸರು ಸೋರಿಕೆ ಕಂಡು ಕರೆ ಮಾಡಿದ. ಅದನ್ನು ಕಟ್ಟಿಸಿದ ಮುಖ್ಯ ಎಂಜಿನಿಯರ್ ಮಲ್ಹಾಲೆಂಡ್ ಬಂದು ನೋಡಿ ಅಪಾಯ ಇಲ್ಲ ಎಂದರು. ಅದೇ ಮಧ್ಯರಾತ್ರಿಯ ಹೊತ್ತಿಗೆ ಅದು ಹೋಯಿತು. ನಾನೂ ಒಮ್ಮೆ ಸರಿ ಇದೆ ಎಂದು ಬರೆದುಕೊಂಡವನು. ಹಾಗಾಗಿ ಈ ಘಟನೆ ಓದಿದಾಗೆಲ್ಲ ಆ ಅಡಿಕೆ ತೋಟ ನೆನಪಾಗುತ್ತದೆ.

ಆದರೆ ನಮ್ಮ ಜಿಲ್ಲೆಯವರು ತಿಳಿದುಕೊಳ್ಳಲೇಬೇಕಾದದ್ದು ಇಟಲಿಯ ವಯಾಂಟ್. 262 ಮೀಟರ್ ಎತ್ತರದ ಅಣೆಕಟ್ಟೆ. ಇಂದಿಗೂ ನಿಂತಿದೆ. ಒಡೆಯಲೇ ಇಲ್ಲ. ಜಲಾಶಯದ ಪಕ್ಕದ ಟೋಕ್ ಎಂಬ ಗುಡ್ಡ ನೀರು ತುಂಬಲು ಶುರುವಾದ ಮೇಲೆ ನಿಧಾನವಾಗಿ ಜರುಗತೊಡಗಿತು. 1960ರಲ್ಲೇ ಒಂದು ತುಂಡು ಕೆರೆಗೆ ಬಿತ್ತು. ಎಂಜಿನಿಯರುಗಳು ದಿನಾ ಅಳೆಯುತ್ತಿದ್ದರು. ನೀರು ಏರಿಸಿದರೆ ಜಾರುವುದು ಜಾಸ್ತಿ, ಇಳಿಸಿದರೆ ಕಡಿಮೆ. ಹೀಗೇ ಏರಿಸಿ ಇಳಿಸಿ ಗುಡ್ಡವನ್ನು ಹತೋಟಿಯಲ್ಲಿ ಇಡಬಹುದು ಎಂದುಕೊಂಡರು. 1963ರ ಅಕ್ಟೋಬರ್ 9ರ ರಾತ್ರಿ, ನೀರು ಇಳಿಸುತ್ತಿದ್ದಾಗಲೇ, ಸುಮಾರು 26 ಕೋಟಿ ಘನ ಮೀಟರ್ ಗುಡ್ಡ ಒಂದೇ ಸಲಕ್ಕೆ ಜಲಾಶಯಕ್ಕೆ ಬಿತ್ತು. ಎದ್ದ ಅಲೆ ಅಣೆಕಟ್ಟೆಯ ತಲೆ ಮೇಲಿಂದ ಹಾರಿ ಕೆಳಗಿನ ಲೊಂಗಾರೊನೆ ಊರನ್ನು ಅಳಿಸಿತು. ಸತ್ತವರು ಸುಮಾರು 2000.

ಇದು ಎಲ್ಲೋ ದೂರದ ಕಥೆ ಅನಿಸುತ್ತದೆಯಾ? 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹೆದ್ದಾರಿಗಾಗಿ ಬುಡ ಕತ್ತರಿಸಿದ ಗುಡ್ಡ ಜಾರಿತು. ರಸ್ತೆ ಮೇಲಿದ್ದವರನ್ನು ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ಆಗ ನದಿಯ ನೀರು ಎದುರು ದಂಡೆಗೆ ಚಿಮ್ಮಿ ಉಳುವರೆಯ ಮನೆಗಳನ್ನು ಕೆಡವಿತು. ನದಿಯ ಆಚೆ ಬದಿಯಲ್ಲಿ ತಮ್ಮ ಪಾಡಿಗೆ ಇದ್ದವರು ಅವರು. ಅವರ ಗುಡ್ಡ ಜಾರಿರಲಿಲ್ಲ, ಅವರ ಹೊಳೆ ಉಕ್ಕಿರಲಿಲ್ಲ. ವಯಾಂಟ್‌ನಲ್ಲಿ ನಡೆದದ್ದು ಇದೇ, ಎಷ್ಟೋ ಪಟ್ಟು ದೊಡ್ಡದಾಗಿ. ಅಲ್ಲಿ ಎಷ್ಟು ಗಟ್ಟಿಯಾದ ಗೋಡೆ ಇದ್ದರೂ ಪ್ರಯೋಜನ ಆಗಲಿಲ್ಲ.

ನಮ್ಮ ಗುಡ್ಡಗಳ ಒಳಗೆ ಏನಿದೆ ಎಂದು ಬಾವಿ ತೋಡಿದವರಿಗೆ ಗೊತ್ತು. ಮೇಲೆ ಗಟ್ಟಿ ಚಿರೇಕಲ್ಲು. ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ಮೆತ್ತನೆ ಶೇಡಿ ಮಣ್ಣು. ಅದರ ಕೆಳಗೆ ಎಲ್ಲೋ ಬಂಡೆ. ಶೇಡಿ ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ. ಹಾರೆ ಹಾಕಿದರೂ ನೇರಕ್ಕೆ ಕತ್ತರಿಸಬಹುದು. ಅದನ್ನು ನೋಡಿಯೇ ಜನ ಮೋಸ ಹೋಗುವುದು. ನೀರು ಕುಡಿದ ಶೇಡಿಗೆ ಬಲವೇ ಇರುವುದಿಲ್ಲ, ಕಲಸಿದ ಹಿಟ್ಟಿನ ಹಾಗೆ ಜಾರುತ್ತದೆ. ಇಂಥ ಗುಡ್ಡದ ಬುಡಕ್ಕೆ ಜಲಾಶಯದ ನೀರು ನಿಲ್ಲಿಸಿದರೆ ಶೇಡಿ ವರ್ಷವಿಡೀ ಒದ್ದೆ. ಇನ್ನೊಂದು ಸೂಕ್ಷ್ಮ ಇದೆ. ನೀರನ್ನು ಬೇಗ ಇಳಿಸಿದಾಗಲೂ ಅಪಾಯ. ಹೊರಗಿನ ನೀರು ಗುಡ್ಡಕ್ಕೆ ಒಂದು ರೀತಿಯ ಆಸರೆ ಕೊಟ್ಟಿರುತ್ತದೆ. ಅದು ಸರಕ್ಕನೆ ಹೋಗುತ್ತದೆ, ಗುಡ್ಡದೊಳಗಿನ ನೀರು ಮಾತ್ರ ಹಾಗೇ ಉಳಿಯುತ್ತದೆ. ಭಾರ ಇದೆ, ಆಸರೆ ಇಲ್ಲ. ಅದಕ್ಕೇ ಜಲಾಶಯದ ಸುತ್ತಲಿನ ಗುಡ್ಡ ನೋಡುವುದು ಗೋಡೆ ನೋಡುವಷ್ಟೇ ಮುಖ್ಯ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಸಾಲಾಗಿ ಜಾರಿ ತೋಟ, ಮನೆ, ರಸ್ತೆ ಹೋದವು. ಅಲ್ಲಿ ಜಾರಿದ್ದು ಜಲಾಶಯಕ್ಕಲ್ಲ. ಆದರೆ ಘಟ್ಟದ ಈ ಇಳಿಜಾರು ಎಂಥದ್ದು ಎಂಬುದು ಅವತ್ತು ಎಲ್ಲರಿಗೂ ಕಂಡಿತು.

ಕಟ್ಟುವ ಮೊದಲೇ ಜಾಗದ ಪ್ರಶ್ನೆ ಕೇಳುವುದರಲ್ಲಿ ನಮ್ಮ ಜಿಲ್ಲೆಗೆ ಒಳ್ಳೆಯ ಪರಂಪರೆ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ತಜ್ಞರನ್ನು ಕರೆಸಿ ಲಾಭ–ನಷ್ಟದ ಲೆಕ್ಕ ಹಾಕಿಸಿತು. ಅಡಿಕೆ ಮಾರುವ ಸಂಘ! ಆ ಯೋಜನೆ ನಿಂತಿತು. ಬೇಡ ಎಂದು ಕೂಗುವುದಕ್ಕಿಂತ, ಲೆಕ್ಕ ತೋರಿಸಿ ಎಂದು ಕೇಳುವುದು ಎಷ್ಟು ಬಲವಾದದ್ದು ಎಂದು ನನಗೆ ಅನಿಸಿದ್ದು ಅಲ್ಲಿಂದ.

ಇನ್ನು ಕಾಳಿ. ಮೇಲೆ ಸೂಪಾ, 101 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟೆ, ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಅದರ ಕೆಳಗೆ ಬೊಮ್ಮನಹಳ್ಳಿ, ಆಮೇಲೆ ಕೊಡಸಳ್ಳಿ, ಕೊನೆಗೆ ಕದ್ರಾ. ಕದ್ರಾ ಹಿಡಿಯುವುದು ಹದಿಮೂರು–ಹದಿನಾಲ್ಕು ಟಿಎಂಸಿ. ಮೇಲೆ ಹಂಡೆ, ಕೆಳಗೆ ಚೊಂಬು ಇಟ್ಟ ಹಾಗೆ. ಜೊತೆಗೆ ಕದ್ರಾದ ದಂಡೆಯಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಅದಕ್ಕೆ ತಂಪು ಮಾಡುವ ನೀರು ಈ ಜಲಾಶಯದ್ದೇ. ಘಟ್ಟದ ಆ ಕಾಡಿನಲ್ಲಿ ಒಂದೆರಡು ದಿನ ಬಿಡದೆ ಮಳೆ ಸುರಿದರೆ ಚೊಂಬು ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟು ನೀರನ್ನು ಬಿಡದೆ ಬೇರೆ ದಾರಿ ಇಲ್ಲ.

ಹಾಗಾಗಿ ನಿಮ್ಮ ಮನೆಗೆ 2019ರಲ್ಲಿ ಬಂದ ನೀರು ಅಣೆಕಟ್ಟೆ ದುರ್ಬಲವಾಗಿ ಬಂದದ್ದಲ್ಲ. ನೀರು ಎಷ್ಟು ಬಿಟ್ಟರು, ಯಾವಾಗ ಬಿಟ್ಟರು ಎಂಬುದರಿಂದ ಬಂದದ್ದು. ಇದು ಬೇರೆಯೇ ಅಪಾಯ, ಮತ್ತು ಒಡೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಲ ಬರುವಂಥದ್ದು. ಕದ್ರಾದ ಪೂರ್ಣ ಮಟ್ಟ 34.5 ಮೀಟರ್. ಮಳೆಗಾಲದ ನಡುವೆ ಅಷ್ಟೂ ತುಂಬಿಸಿಕೊಂಡು ಕೂತರೆ ಮೇಲಿನಿಂದ ಬರುವ ನೆರೆಗೆ ಜಾಗವೇ ಉಳಿಯುವುದಿಲ್ಲ. ಜೂನ್‌ನಿಂದ ಮಟ್ಟ ಕೆಳಗಿಟ್ಟು, ಮುನ್ಸೂಚನೆ ನೋಡಿ ಸ್ವಲ್ಪ ಸ್ವಲ್ಪ ಬಿಟ್ಟರೆ ನಿಮ್ಮ ಅಂಗಳದವರೆಗೆ ಬರುವುದು ದಂಡೆಯಲ್ಲೇ ನಿಲ್ಲುತ್ತದೆ. ವಿದ್ಯುತ್ತಿಗೆ ಮಟ್ಟ ಮೇಲಿದ್ದಷ್ಟೂ ಲಾಭ, ನಿಮಗೆ ಕೆಳಗಿದ್ದಷ್ಟೂ ಲಾಭ. ಈ ಎಳೆದಾಟದಲ್ಲಿ ಮಳೆಗಾಲದ ನಾಲ್ಕು ತಿಂಗಳು ನಿಮ್ಮ ಕಡೆಯೇ ತೂಗಬೇಕು ಎಂದು ನಾನು ನಂಬುತ್ತೇನೆ. ಮಳೆಗಾಲದಲ್ಲಿ ಮೂರು ಅಂಕಿ ಬರೆದಿಟ್ಟುಕೊಳ್ಳಿ: ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. ಜೊತೆಗೆ ಅಮಾವಾಸ್ಯೆ, ಹುಣ್ಣಿಮೆ ನೋಡಿ. ಆ ದಿನಗಳಲ್ಲಿ ಸಮುದ್ರದ ಉಬ್ಬರ ದೊಡ್ಡದು. ಉಬ್ಬರದ ಹೊತ್ತಿಗೆ ಬಿಟ್ಟ ನೀರು ಅಳಿವೆಯಲ್ಲಿ ಹೊರಗೆ ಹೋಗಲಾರದೆ ಹಿಂದಕ್ಕೆ ನಿಲ್ಲುತ್ತದೆ. ಮೀನುಗಾರರ ಮನೆಯಲ್ಲಿ ಕೇಳಿದರೆ ಉಬ್ಬರದ ಸಮಯ ನಿಖರವಾಗಿ ಹೇಳುತ್ತಾರೆ.

ದೊಡ್ಡ ಅಣೆಕಟ್ಟೆಯಲ್ಲಿ ಮೊದಲು ಕೈಕೊಡುವುದು ಬಹಳ ಸಲ ಗೋಡೆಯಲ್ಲ, ಗೇಟು. ಕಬ್ಬಿಣ, ಸರಪಳಿ, ಹಗ್ಗ, ಮೋಟಾರು, ಗ್ರೀಸು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಗಟ್ಟಿ ಗೋಡೆ, ಒಂದು ಸರಪಳಿ. ಗೇಟಿನ ಬದಲಿಗೆ ತುರ್ತಿಗೆ ಇಳಿಸುವ ತಡೆ ಹಲಗೆ, ಅಂದರೆ ಸ್ಟಾಪ್ ಲಾಗ್, ಸಿದ್ಧ ಇರಲಿಲ್ಲ. ತರಾತುರಿಯಲ್ಲಿ ತಯಾರಿಸಿ ತಂದು, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಇಳಿಸಿದರು. ಅಷ್ಟರಲ್ಲಿ ಒಂದು ವಾರ ಕಳೆದಿತ್ತು, ರೈತರ ನೀರು ಹೊಳೆ ಪಾಲಾಗಿತ್ತು. ಅಲ್ಲಿ ನೀರು ಹೋಯಿತು, ಜೀವ ಉಳಿಯಿತು. 2021ರ ನವೆಂಬರ್ 19ರಂದು ಆಂಧ್ರದ ಅನ್ನಮಯ್ಯ ಅಣೆಕಟ್ಟೆಯಲ್ಲಿ ಹಾಗಾಗಲಿಲ್ಲ. ಐದರಲ್ಲಿ ಒಂದು ಗೇಟ್ ಮೊದಲೇ ಕೆಟ್ಟಿತ್ತು. ಮೇಲಿನ ಒಡ್ಡು ಒಡೆದು ನೀರು ಬಂದಾಗ ಹೊರಗೆ ಬಿಡುವ ದಾರಿ ಸಾಲದೆ ಮಣ್ಣಿನ ಭಾಗ ಕೊಚ್ಚಿ ಹಳ್ಳಿಗಳು ಮುಳುಗಿದವು.

ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಂಕ್ರೀಟ್ ಅಣೆಕಟ್ಟೆಯ ಹೊಟ್ಟೆಯಲ್ಲಿ ನಡೆದಾಡುವಷ್ಟು ದೊಡ್ಡ ಸುರಂಗ ಇರುತ್ತದೆ, ಗ್ಯಾಲರಿ ಎನ್ನುತ್ತಾರೆ. ಅಲ್ಲಿಂದ ಬಂಡೆಯೊಳಗೆ ರಂಧ್ರ ಕೊರೆದಿರುತ್ತಾರೆ. ಬುಡದಲ್ಲಿ ಸೇರುವ ನೀರು ಗೋಡೆಯನ್ನು ಕೆಳಗಿಂದ ಎತ್ತಲು ನೋಡುತ್ತದೆ. ಆ ಒತ್ತಡ ಇಳಿಸುವುದು ಈ ರಂಧ್ರಗಳು. ವರ್ಷಗಳು ಕಳೆದ ಹಾಗೆ ಸುಣ್ಣದಂಥ ಬಿಳಿ ಕಸ ಕಟ್ಟಿ ಅವು ಮುಚ್ಚುತ್ತವೆ. ಆಗ ಗ್ಯಾಲರಿಯಲ್ಲಿ ಸೋರಿಕೆ ಕಡಿಮೆಯಾಗುತ್ತದೆ, ನೋಡಿದವರು ಸುಧಾರಿಸಿದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅಪಾಯ ಹೆಚ್ಚಾಗಿರುತ್ತದೆ. ರಂಧ್ರ ಸ್ವಚ್ಛ ಮಾಡಿಸುವುದಕ್ಕೆ ಉದ್ಘಾಟನೆಯ ಫಲಕ ಇಲ್ಲ, ಫೋಟೋ ಇಲ್ಲ. ಬಜೆಟ್ ಕಡಿತ ಮೊದಲು ಬೀಳುವುದು ಇಂಥ ಕೆಲಸಕ್ಕೇ.

ಹಳೇ ಲೆಕ್ಕದ ಮಾತೂ ಇದೆ. ಗುಜರಾತಿನ ಮಚ್ಛು–2 ಅಣೆಕಟ್ಟೆಗೆ 1979ರ ಆಗಸ್ಟ್ 11ರಂದು ಬಂದ ನೆರೆ, ಕೋಡಿ ಕಟ್ಟುವಾಗ ಹಿಡಿದ ಲೆಕ್ಕಕ್ಕಿಂತ ಬಹಳ ದೊಡ್ಡದಿತ್ತು. ನೀರು ಮಣ್ಣಿನ ಬದಿಗಳ ಮೇಲೆ ಹತ್ತಿ ಮೋರ್ಬಿ ಊರು ಸಾವಿರಾರು ಜನರನ್ನು ಕಳೆದುಕೊಂಡಿತು. ಹಿಂದಿನ ಮಳೆ ನೋಡಿ ಅಳತೆ ಮಾಡಿದ ಕೋಡಿ ಈಗಿನ ಮಳೆಗೆ ಸಾಕಾಗುತ್ತದಾ ಎಂದು ಮತ್ತೆ ಲೆಕ್ಕ ಹಾಕಲೇಬೇಕು. ಘಟ್ಟದ ಮಳೆ ನೋಡುತ್ತಿರುವ ನಮಗಂತೂ ಇದು ತುರ್ತು.

ಕಾನೂನು ಇದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರಕಾರ 15 ಮೀಟರಿಗಿಂತ ಎತ್ತರದ್ದಕ್ಕೆ, ಮತ್ತು 10ರಿಂದ 15 ಮೀಟರ್ ನಡುವಿನ ಕೆಲವಕ್ಕೆ ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ. ತುರ್ತು ಕ್ರಿಯಾ ಯೋಜನೆಯೂ ಇರಬೇಕು. ಕದ್ರಾ ಗೇಟು ತೆಗೆದರೆ ಅಥವಾ ಅಣೆಕಟ್ಟೆ ಒಡೆದರೆ ನಿಮ್ಮ ಊರಿಗೆ ನೀರು ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು ಅದರಲ್ಲಿ ಇರಬೇಕಾದ ಮಾಹಿತಿ. ಗ್ರಾಮಸಭೆಯಲ್ಲಿ ಅದನ್ನೇ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮ್ಮ ಹಿಂದಿನ ಕೆರೆ ಮಾತ್ರ ಈ ಕಾಯ್ದೆಯ ಅಳತೆಗೆ ಸಿಗಲಾರದು. ಹಳ್ಳ, ಹೊಳೆಗೆ ಅಡ್ಡ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟೂ ಅಷ್ಟೇ. ಕಿಂಡಿಯ ಹಲಗೆಯನ್ನು ಮೇ ಕೊನೆಯೊಳಗೆ ತೆಗೆಯದಿದ್ದರೆ ತೇಲಿ ಬರುವ ದಿಮ್ಮಿ, ಬಿದಿರು ಸಿಕ್ಕಿ ಹೊಳೆ ಬದಿಯ ದಂಡೆ ಕೊರೆದು ಹೊಸ ದಾರಿ ಹಿಡಿಯುತ್ತದೆ. ಇವಕ್ಕೆಲ್ಲ ಯಜಮಾನ ಯಾರು ಎಂದು ಕಾಗದದಲ್ಲಿ ಬರೆದಿರುವುದಿಲ್ಲ. ಅದಕ್ಕೇ ಮೊದಲು ಕೆರೆ ಅಂದೆ. ಕದ್ರಾವನ್ನು ನೋಡಲು ಸಂಬಳ ಪಡೆಯುವ ಜನ ಇದ್ದಾರೆ. ಆ ಏರಿಯನ್ನು ನೋಡಲು ನೀವೇ ಇರುವುದು.

ಸೇತುವೆಯ ಬಗ್ಗೆ ಒಂದು ಮಾತು. 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕಾಳಿಯ ಹಳೆ ಸೇತುವೆ ಬಿದ್ದಾಗ ಒಂದು ಲಾರಿ ನೀರಿಗೆ ಹೋಯಿತು. ಚಾಲಕನನ್ನು ಪೊಲೀಸರು, ಮೀನುಗಾರರು ಉಳಿಸಿದರು. ನಲವತ್ತು ದಾಟಿದ ಸೇತುವೆ. ಕರಾವಳಿಯ ಕಾಂಕ್ರೀಟಿಗೆ ಉಪ್ಪಿನ ಗಾಳಿಯೇ ಶತ್ರು. ಉಪ್ಪು ನಿಧಾನವಾಗಿ ಒಳಗಿಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿಂದಲೇ ಕಾಂಕ್ರೀಟ್ ಸೀಳುತ್ತದೆ. ಕಂಬದ ಮೇಲೆ ಕಂದು ಬಣ್ಣದ ಉದ್ದ ಗೆರೆ, ಉದುರಿದ ಚೂರು, ಹೊರಗೆ ಕಾಣುವ ಸರಳು, ಇದರಲ್ಲಿ ಯಾವುದು ಕಂಡರೂ ಫೋಟೋ ತೆಗೆದು ದಿನಾಂಕ ಹಾಕಿ ಬರಹದಲ್ಲಿ ಕೊಡಿ. ಬಾಯಿಮಾತು ಕಚೇರಿಯಲ್ಲಿ ಉಳಿಯುವುದಿಲ್ಲ.

ಈಗ ನಿಮ್ಮ ಅತ್ತೆ. ಸೈರನ್ ಆದ ರಾತ್ರಿ ನದಿ ದಾಟಲು ಹೋಗಬೇಡಿ. ನೀರು ನೋಡಲು ದಂಡೆಗೂ ಬೇಡ. ಮನೆಯ ಹಿಂದಿನ ಗುಡ್ಡದ ಕಡೆ ಓಡುವುದೂ ಬೇಡ. ಕೆರೆಯ ನೀರು ಬರುವ ಹಾದಿ ಅದು, ರಸ್ತೆಗಾಗಿ ನೇರಕ್ಕೆ ಕಡಿದ ಗುಡ್ಡವಿದ್ದರೆ ಇನ್ನೂ ಅಪಾಯ. 2019ರ ನೀರಿನ ಗುರುತಿಗಿಂತ ಮೇಲಿರುವ, ಹಳ್ಳದ ಬಾಯಲ್ಲಿಲ್ಲದ, ಕಡಿದ ಗುಡ್ಡದ ಬುಡದಲ್ಲಿಲ್ಲದ ಒಂದು ಮನೆಯನ್ನೋ ಶಾಲೆಯನ್ನೋ ಈಗಲೇ ಗೊತ್ತುಮಾಡಿಕೊಳ್ಳಿ. ಆ ಮನೆಯವರ ಹತ್ತಿರ ಮಾತಾಡಿಡಿ. ಅತ್ತೆಯನ್ನು ಮಳೆ ಜೋರಾದ ದಿನ ಸಂಜೆಯೇ, ಬೆಳಕಿರುವಾಗಲೇ ಅಲ್ಲಿಗೆ ಕಳಿಸಿಬಿಡಿ, ಸೈರನ್‌ಗೆ ಕಾಯಬೇಡಿ. ಮಾತ್ರೆ, ಕನ್ನಡಕ, ಆಧಾರ್, ಟಾರ್ಚು ಒಂದೇ ಚೀಲದಲ್ಲಿರಲಿ. ಜಿಲ್ಲೆಯ ತುರ್ತು ಸಂಖ್ಯೆ 1077 ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಬಿಸಿಲಿರುವ ಒಂದು ದಿನ ಅವರ ಜೊತೆ ಆ ದಾರಿಯಲ್ಲಿ ನಿಧಾನವಾಗಿ ನಡೆದು ಎಷ್ಟು ನಿಮಿಷ ಬೇಕು ನೋಡಿ. ದಾರಿಯಲ್ಲಿ ಮೋರಿ ಇದ್ದರೆ ಅದರ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕಸ ಕಟ್ಟಿದ್ದರೆ ಮಳೆಗಾಲಕ್ಕೆ ಮೊದಲೇ ತೆಗೆಸಿ.